ಐದರಂದು, ಹೊಳಲಿನಲ್ಲಿ: ಊರಿಗೂ ತಾರೀಖಿಗೂ ಹತ್ತುವ ಪ್ರತ್ಯಯಗಳು

(ಹೊಳಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)

ಮಂಡ್ಯಕ್ಕೆ, ಮದ್ದೂರಿಗೆ, ಮಳವಳ್ಳಿಗೆ. ಹೊಳಲಿನ ಅಂಗನವಾಡಿಗೆ ಹೋಗುವ ಮಗುವೂ ಈ ಮೂರನ್ನು ತಪ್ಪಿಲ್ಲದೆ ಹೇಳುತ್ತದೆ. ‘ಮಂಡ್ಯಗೆ ಹೋಗೋಣ’ ಎಂದು ಯಾವ ಮಗುವೂ ಹಟ ಹಿಡಿಯುವುದಿಲ್ಲ. ‘ಮದ್ದೂರಕ್ಕೆ’, ‘ಮಳವಳ್ಳಿಕ್ಕೆ’ ಎಂಬ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಒಂದೇ ಜಿಲ್ಲೆಯ ಮೂರು ಊರು, ಹೇಳಬೇಕಾದ ಅರ್ಥವೂ ಒಂದೇ, ಆದರೂ ಪ್ರತ್ಯಯ ಹತ್ತುವ ಬಗೆ ಬೇರೆ ಬೇರೆ. ಊರೊಳಗೆ ಇರುವ ಮಾತು ಬಂದರೆ ಮತ್ತೆ ಮೂರು ದಾರಿ: ಮಂಡ್ಯದಲ್ಲಿ, ಮದ್ದೂರಿನಲ್ಲಿ, ಮಳವಳ್ಳಿಯಲ್ಲಿ. ಒಂದಕ್ಕೆ ‘ದ’, ಇನ್ನೊಂದಕ್ಕೆ ‘ಇನ’, ಮತ್ತೊಂದಕ್ಕೆ ‘ಯ’. ಶಾಲೆಯಲ್ಲಿ ವಿಭಕ್ತಿಯ ಪಾಠ ಶುರುವಾಗುವ ಎಷ್ಟೋ ವರ್ಷ ಮೊದಲೇ ಇದೆಲ್ಲ ಮಗುವಿನ ನಾಲಿಗೆಯ ಮೇಲೆ ಕುಳಿತಾಗಿರುತ್ತದೆ.

ಈ ಆಯ್ಕೆಯ ಹಿಂದೆ ಎರಡು ಪ್ರಶ್ನೆಗಳಿವೆ. ಪದ ಯಾವ ಸ್ವರದಲ್ಲಿ ನಿಲ್ಲುತ್ತದೆ? ಅದು ಮನುಷ್ಯರನ್ನು ಹೇಳುವ ಪದವೋ ಅಲ್ಲವೋ? ‘ಅ’ಕಾರದಲ್ಲಿ ನಿಂತು ಮನುಷ್ಯರನ್ನು ಹೇಳದ ಪದಕ್ಕೆ ‘ಕ್ಕೆ’ ಬರುತ್ತದೆ: ಮಂಡ್ಯಕ್ಕೆ, ಬೆಲ್ಲಕ್ಕೆ, ಹೊಲಕ್ಕೆ. ಅದೇ ‘ಅ’ಕಾರದಲ್ಲಿ ನಿಂತದ್ದು ಸಿದ್ದನೋ ಕೆಂಪನೋ ಆದರೆ ‘ಸಿದ್ದಕ್ಕೆ’ ಆಗುವುದಿಲ್ಲ, ಸಿದ್ದನಿಗೆ, ಕೆಂಪನಿಗೆ ಎಂದಾಗುತ್ತದೆ. ‘ಉ’ಕಾರಕ್ಕೆ ‘ಇಗೆ’: ಮದ್ದೂರಿಗೆ, ಕಬ್ಬಿಗೆ. ‘ಇ’ ಮತ್ತು ‘ಎ’ ಆದರೆ ಬರಿಯ ‘ಗೆ’: ಮಳವಳ್ಳಿಗೆ, ಗದ್ದೆಗೆ, ನಾಲೆಗೆ. ಕನ್ನಡವನ್ನು ಹೊಸದಾಗಿ ಕಲಿಯುವವರಿಗೆ ಇದು ವಾರಗಟ್ಟಲೆ ತಿಣುಕುವ ಕೆಲಸ. ಮನೆಮಾತಿನವರಿಗೆ ಅದು ಒಂದು ನಿಯಮ ಎಂಬುದೇ ತಿಳಿದಿರುವುದಿಲ್ಲ.

ಹೊಳಲು ಎಂಬ ಹೆಸರಿನ ಕೊನೆಯ ‘ಉ’ ಮೂಲದಲ್ಲಿ ಇರಲಿಲ್ಲ. ಹಳಗನ್ನಡದಲ್ಲಿ ಅದು ‘ಪೊೞಲ್’, ಪಟ್ಟಣ ಎಂದರ್ಥ. ಮೊದಲಿನ ‘ಪ’ ಹಕಾರವಾಯಿತು, ‘ೞ’ ಮರೆಯಾಗಿ ‘ಳ’ ಉಳಿಯಿತು, ಕೊನೆಯ ವ್ಯಂಜನಕ್ಕೆ ಆಸರೆಯಾಗಿ ಒಂದು ‘ಉ’ ಬಂತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ಅಂದರೆ 13ನೇ ಶತಮಾನದ ಹೊಯ್ಸಳ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಊರು, ಇದೇ ಪದವನ್ನು ಹೊತ್ತಿದೆ. ವ್ಯಂಜನದಲ್ಲಿ ನಿಲ್ಲುತ್ತಿದ್ದ ಕಾಲಕ್ಕೆ ಪ್ರತ್ಯಯ ನೇರವಾಗಿ ಹತ್ತುತ್ತಿತ್ತು: ಪೊೞಲ, ಪೊೞಲೊಳ್. ‘ಉ’ ಬಂದು ಕೂತ ಮೇಲೆ ನಡುವೆ ‘ಇನ’ ಬೇಕಾಯಿತು: ಹೊಳಲಿನ, ಹೊಳಲಿನಲ್ಲಿ. ಹಳೆಯ ರೂಪ ಪೂರಾ ಸತ್ತಿಲ್ಲ. ‘ಊರಿನ’ ಎನ್ನುವವರೇ ಊರ ಹಬ್ಬ, ಊರ ಬಾಗಿಲು ಎಂದೂ ಹೇಳುತ್ತಾರೆ.

ಇಷ್ಟು ಊರಿನ ಮಾತಾಯಿತು. ಅಂಕಿಯ ಬಳಿಗೆ ಬಂದರೆ ಕನ್ನಡ ಬೇರೊಂದು ಮುಖ ತೋರಿಸುತ್ತದೆ.

‘ಊರು’ ಮತ್ತು ‘ನೂರು’ ಕಿವಿಗೆ ಪ್ರಾಸದ ಜೋಡಿ. ಎರಡೂ ‘ಉ’ಕಾರದಲ್ಲಿ ನಿಲ್ಲುತ್ತವೆ, ಎರಡೂ ಮನುಷ್ಯರನ್ನು ಹೇಳುವುದಿಲ್ಲ. ಆದರೆ ಊರಿಗೆ ಎನ್ನುವ ಬಾಯಿ ‘ನೂರಿಗೆ’ ಎನ್ನುವುದಿಲ್ಲ, ನೂರಕ್ಕೆ ಎನ್ನುತ್ತದೆ. ಊರಿನ, ಆದರೆ ನೂರರ. ಊರಿನಿಂದ, ಆದರೆ ನೂರರಿಂದ. ಒಂದರಿಂದ ಹತ್ತರವರೆಗೆ ಎಣಿಸಿ ನೋಡಿದರೂ ಇದೇ ಕಥೆ: ಒಂದರ, ಎರಡರ, ಮೂರರ, ನಾಲ್ಕರ, ಐದರ. ಬಸ್ಸು ‘ಐದಿಗೆ’ ಬರುವುದಿಲ್ಲ, ಐದಕ್ಕೆ ಬರುತ್ತದೆ. ಕನ್ನಡದಲ್ಲಿ ಹೀಗೆ ನಡೆಯುವ ಇನ್ನೊಂದು ಗುಂಪು ಅದು, ಇದು, ಯಾವುದು ಎಂಬ ಸರ್ವನಾಮಗಳದು: ಅದರ, ಅದಕ್ಕೆ, ಅದರಲ್ಲಿ. ಅಂದರೆ ಸಂಖ್ಯೆಯನ್ನು ಕನ್ನಡ ‘ಕಬ್ಬು’ ‘ಕಲ್ಲು’ಗಳ ಸಾಲಿನಲ್ಲಿ ಕೂರಿಸಿಲ್ಲ. ‘ಅದು’ ‘ಇದು’ಗಳ ಸಾಲಿನಲ್ಲಿ ಕೂರಿಸಿದೆ. ತಾರೀಖಿನ ಮುಂದೆ ಕನ್ನಡಿಗರು ದಿನವೂ ಬರೆಯುವ ‘ರ’, ‘ರಲ್ಲಿ’, ‘ರಿಂದ’, ‘ರಂದು’ಗಳ ರೇಫ ಬಂದಿರುವುದು ಈ ಸಾಲಿನಿಂದ.

ಒಂದು ವಾಕ್ಯ ನೋಡಬಹುದು: 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದರು. ಚರಿತ್ರೆಯ ಈ ಒಂದು ಸಾಲಿನಲ್ಲಿ ರಲ್ಲಿ, ಇನ, ದಿಂದ, ದ, ಗೆ, ಅನ್ನು ಎಲ್ಲವೂ ಬಂದುಹೋದವು. ಇನ್ನೊಂದು: 1939ರ ಜುಲೈ 1ರಂದು ಮಂಡ್ಯ ಜಿಲ್ಲೆ ಹುಟ್ಟಿತು. ಇಲ್ಲಿ ಇಸವಿಗೆ ‘ರ’, ದಿನಕ್ಕೆ ‘ರಂದು’, ನಡುವಿನ ತಿಂಗಳಿಗೆ ಏನೂ ಇಲ್ಲ. ಈ 1939 ಎಂಬ ಅಂಕಿಯನ್ನು ಬಾಯಿ ಬಿಟ್ಟು ಓದಿದರೆ ‘ಸಾವಿರದ ಒಂಬೈನೂರ ಮೂವತ್ತೊಂಬತ್ತು’. ನಾಲ್ಕು ಅಂಕಿಗಳ ಒಳಗೇ ಎರಡು ಷಷ್ಠೀ ಪ್ರತ್ಯಯಗಳು ಅಡಗಿವೆ: ಸಾವಿರದ, ನೂರ. ಕಣ್ಣಿಗೆ ಅವು ಕಾಣುವುದಿಲ್ಲ. ಕಿವಿಗೆ ಮಾತ್ರ ಕೇಳುತ್ತವೆ.

ಹಾಗಾದರೆ 2000ಕ್ಕೆ ಏನು ಹಚ್ಚಬೇಕು? ಪತ್ರಿಕೆಗಳು ‘2000ರಲ್ಲಿ’ ಎಂದು ಅಚ್ಚು ಹಾಕುತ್ತವೆ. ಬಾಯಿ ಹೇಳುವುದು ‘ಎರಡು ಸಾವಿರದಲ್ಲಿ’. ಸಾವಿರ ‘ಅ’ಕಾರದಲ್ಲಿ ನಿಲ್ಲುವ ಪದ, ಮಂಡ್ಯದ ಸಂಗಾತಿ, ಅದಕ್ಕೆ ‘ದ’ ಬೇಕು. ಲಕ್ಷದ, ಕೋಟಿಯ ಎಂಬುವೂ ಹೀಗೆಯೇ. 1999ರಲ್ಲಿ ಸರಿ, 2001ರಲ್ಲಿ ಸರಿ, ನಡುವಿನ ಒಂದು ವರ್ಷದಲ್ಲಿ ಬರಹ ಒಂದು ದಾರಿ, ಮಾತು ಒಂದು ದಾರಿ. ‘2000ದಲ್ಲಿ’ ಎಂದು ಬರೆದರೆ ಅಚ್ಚಿನ ತಪ್ಪು ಎಂದು ಓದುಗರು ಮುಖ ಸಿಂಡರಿಸಬಹುದು. ‘2000ನೇ ಇಸವಿಯಲ್ಲಿ’ ಎಂದು ಬರೆದರೆ ತಕರಾರೇ ಇಲ್ಲ, ಅದೇ ಒಳ್ಳೆಯದು.

ಈ ಪಾಡು ಕನ್ನಡಕ್ಕೊಂದೇ ಬಂದದ್ದಲ್ಲ. ಹಂಗೇರಿಯವರೂ ತಾರೀಖಿಗೆ ಪ್ರತ್ಯಯ ಹಚ್ಚುತ್ತಾರೆ, ಅವರೂ ಅಂಕಿಯನ್ನು ಓದಿ ನೋಡದೆ ಹಚ್ಚುವಂತಿಲ್ಲ. ಅವರ ಭಾಷೆಯಲ್ಲಿ ‘ಅಲ್ಲಿ’ ಪ್ರತ್ಯಯಕ್ಕೆ ಎರಡು ರೂಪ, ‘ಬಾನ್’ ಮತ್ತು ‘ಬೆನ್’. ಮನೆಗೆ ಅವರು ‘ಹಾಜ್’ ಎನ್ನುತ್ತಾರೆ, ಮನೆಯಲ್ಲಿ ಎಂದರೆ ‘ಹಾಜ್‌ಬಾನ್’. ತೋಟಕ್ಕೆ ‘ಕೆರ್ತ್’, ತೋಟದಲ್ಲಿ ಎಂದರೆ ‘ಕೆರ್ತ್‌ಬೆನ್’. ಪದದೊಳಗಿನ ಸ್ವರ ಬಾಯಿಯ ಹಿಂಭಾಗದ್ದಾದರೆ ಪ್ರತ್ಯಯದ ಸ್ವರವೂ ಹಿಂದಿನದು, ಮುಂಭಾಗದ್ದಾದರೆ ಪ್ರತ್ಯಯದ್ದೂ ಮುಂದಿನದು. ಕನ್ನಡ ಪದದ ಕೊನೆಯನ್ನೂ ಅದು ಮನುಷ್ಯರದೋ ಎಂಬುದನ್ನೂ ಕೇಳಿ ಪ್ರತ್ಯಯ ಕೊಟ್ಟರೆ, ಹಂಗೇರಿಯನ್ ಪದದ ಸ್ವರವನ್ನು ಕೇಳಿ ಕೊಡುತ್ತದೆ. ಲಿಂಗದ ಗೊಡವೆ ಅದಕ್ಕಿಲ್ಲ.

ಇದನ್ನು 1956ಕ್ಕೆ ಹಚ್ಚಿ ನೋಡಿದರೆ ವಿಷಯ ಬೆಳಗುತ್ತದೆ. ಆ ವರ್ಷದ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಜನ ದಂಗೆಯೆದ್ದರು. ಒಂಬತ್ತು ದಿನ ಕಳೆದು ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾಯಿತು. ಕನ್ನಡದಲ್ಲಿ 1956ರಲ್ಲಿ, 1957ರಲ್ಲಿ, ಪ್ರತ್ಯಯ ಬದಲಾಗುವುದಿಲ್ಲ. ಹಂಗೇರಿಯನ್ನಿನಲ್ಲಿ ಆರಕ್ಕೆ ‘ಹಾತ್’, ಏಳಕ್ಕೆ ‘ಹೇತ್’. ಹಾಗಾಗಿ 1956ಕ್ಕೆ ‘ಬಾನ್’ ಹತ್ತಿದರೆ 1957ಕ್ಕೆ ‘ಬೆನ್’ ಹತ್ತುತ್ತದೆ. ದಿನದ ಪ್ರತ್ಯಯಕ್ಕೂ ‘ಆನ್’, ‘ಏನ್’ ಎಂಬ ಎರಡು ರೂಪ. ಅಕ್ಟೋಬರ್ 23ಕ್ಕೆ ‘ಆನ್’. 1848ರ ಕ್ರಾಂತಿ ಶುರುವಾದ ಮಾರ್ಚ್ 15ಕ್ಕೆ ‘ಏನ್’. ಎರಡೂ ಅವರ ರಾಷ್ಟ್ರೀಯ ಹಬ್ಬದ ದಿನಗಳು, ಎರಡಕ್ಕೂ ಪ್ರತ್ಯಯ ಬೇರೆ, ಶಾಲೆಯ ಮಕ್ಕಳು ಎರಡನ್ನೂ ತಡವರಿಸದೆ ಹೇಳುತ್ತಾರೆ. ಮೊದಲು ಇಸವಿ, ಆಮೇಲೆ ತಿಂಗಳು, ಕೊನೆಗೆ ದಿನ, ಆ ದಿನಕ್ಕೆ ಪ್ರತ್ಯಯ: ಈ ಅನುಕ್ರಮವೂ ‘1939ರ ಜುಲೈ 1ರಂದು’ ಎಂಬ ಕನ್ನಡದ ಅನುಕ್ರಮವೇ.

ಊರ ಹೆಸರಿನ ವಿಷಯದಲ್ಲಿ ಹಂಗೇರಿಯನ್ ಇನ್ನೊಂದು ಸೂಕ್ಷ್ಮವನ್ನು ಇಟ್ಟುಕೊಂಡಿದೆ. ತಮ್ಮ ನಾಡಿನ ಊರುಗಳಿಗೆ ಬಹಳ ಮಟ್ಟಿಗೆ ‘ಮೇಲೆ’ ಎಂಬ ಅರ್ಥದ ಪ್ರತ್ಯಯವನ್ನೂ ಪರನಾಡಿನ ಊರುಗಳಿಗೆ ‘ಒಳಗೆ’ ಎಂಬ ಅರ್ಥದ ಪ್ರತ್ಯಯವನ್ನೂ ಹಚ್ಚುತ್ತಾರೆ. ಬುಡಾಪೆಸ್ಟಿನ ‘ಮೇಲೆ’ ಇರುತ್ತಾರೆ, ಲಂಡನ್ನಿನ ‘ಒಳಗೆ’ ಇರುತ್ತಾರೆ. ದೆಬ್ರೆತ್ಸೆನ್‌ನಂಥ ಅವರದೇ ಕೆಲವು ಊರುಗಳು ಈ ನಿಯಮವನ್ನು ಮೀರುತ್ತವೆ. ಅಂಥ ಭೇದ ಕನ್ನಡದಲ್ಲಿಲ್ಲ. ಹೊಳಲಿಗೂ ಲಂಡನ್ನಿಗೂ ಇಲ್ಲಿ ಒಂದೇ ಪಂಕ್ತಿ.

ಹಂಗೇರಿಯವರು ಅಂಕಿಗೂ ಪ್ರತ್ಯಯಕ್ಕೂ ನಡುವೆ ಒಂದು ಕಿರುಗೆರೆ ಹಾಕುತ್ತಾರೆ. ಅದು ಅವರವರ ಇಷ್ಟವಲ್ಲ. ಹಂಗೇರಿಯ ವಿಜ್ಞಾನ ಅಕಾಡೆಮಿ 1832ರಿಂದ ಬರಹದ ನಿಯಮಗಳನ್ನು ಪುಸ್ತಕವಾಗಿ ಹೊರಡಿಸುತ್ತ ಬಂದಿದೆ, 12ನೇ ಆವೃತ್ತಿ 2015ರಲ್ಲಿ ಬಂತು. ಯಾವ ಅಂಕಿಗೆ ಯಾವ ಪ್ರತ್ಯಯವನ್ನು ಹೇಗೆ ಬರೆಯಬೇಕು ಎಂಬುದು ಅದರಲ್ಲಿದೆ. ಕನ್ನಡದ ಅಚ್ಚಿನಲ್ಲಿ ‘1939ರಲ್ಲಿ’ ಎಂದು ಕೂಡಿಸಿದ್ದೂ ಸಿಗುತ್ತದೆ, ‘1939 ರಲ್ಲಿ’ ಎಂದು ಬಿಡಿಸಿದ್ದೂ ಸಿಗುತ್ತದೆ. ಕೆಲವೊಮ್ಮೆ ಒಂದೇ ಪುಟದಲ್ಲಿ ಎರಡೂ ಸಿಗುತ್ತವೆ. ಬಿಡಿಸಿ ಬರೆಯುವುದಕ್ಕೆ ಆಧಾರವೇ ಇಲ್ಲ. ‘ರಲ್ಲಿ’ ಎಂಬುದು ಒಂದು ಪದವಲ್ಲ; ಅದು ‘ಮೂವತ್ತೊಂಬತ್ತರಲ್ಲಿ’ ಎಂಬ ಪದದ ಬಾಲ. ತಲೆಯನ್ನು ಅಂಕಿಯಲ್ಲಿ ಬರೆದ ಮಾತ್ರಕ್ಕೆ ಬಾಲವನ್ನು ಕಡಿದು ಆಚೆ ಇಡುವುದು ಸಲ್ಲದು.

ಈಗ ‘ನೇ’ ಎಂಬ ಪ್ರತ್ಯಯ. 5ನೇ ತಾರೀಖು, 12ನೇ ಆವೃತ್ತಿ, 13ನೇ ಶತಮಾನ. ಇದರ ಹಳೆಯ ರೂಪ ಬೇಕಾದವರು ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರು, ಜನ ಆತಗೂರು ಎನ್ನುವ ಊರು, ಕನ್ನಡದ ಅತಿ ಅಪರೂಪದ ಕಲ್ಲೊಂದನ್ನು ಕೊಟ್ಟಿದೆ. ಕ್ರಿ.ಶ. 949–50ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಅದು ಹೇಳುತ್ತದೆ. ಬೂತುಗನ ಬಂಟ ಮಣಲೆರ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದದ್ದನ್ನು, ಆ ನಾಯಿ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ ಹಂದಿಯ ಜೊತೆಗೇ ಸತ್ತದ್ದನ್ನೂ ಹೇಳುತ್ತದೆ. ನಾಯಿಯೊಂದರ ನೆನಪಿಗೆ ನಿಂತ ಕಲ್ಲು ಎಂದು ಅದು ಪ್ರಸಿದ್ಧ. ಭಾಷೆಯನ್ನು ಓದುವವರಿಗೆ ಅದರ ಕಾಲ ಹೇಳುವ ಸಾಲೂ ಅಷ್ಟೇ ಮುಖ್ಯ. ಅಲ್ಲಿ ಶಕವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ, ಮಾತಿನಲ್ಲಿ ಬರೆದಿದೆ: ಎಂಟುನೂಱೆೞ್ಪತ್ತೆರಡನೆಯ. ಅಂದರೆ 872ನೆಯ. ಸೌಮ್ಯ ಎಂಬ ಸಂವತ್ಸರ.

‘ಎರಡನೆಯ’. ಇಂದು ಮದ್ದೂರಿನ ಮದುವೆಯ ಕರೆಯೋಲೆಯಲ್ಲಿ ತಾರೀಖಿನ ಮುಂದೆ ಬರುವ ‘ನೇ’ ಇದರ ನೇರ ಸಂತಾನ. ‘ನೆಯ’ ಶುದ್ಧ, ‘ನೇ’ ಅಶುದ್ಧ ಎಂದು ಹೇಳುವ ಪಂಡಿತರಿದ್ದಾರೆ. ಅವರ ಮಾತನ್ನು ಒಪ್ಪಲು ಆಗುವುದಿಲ್ಲ. ಮಂಡ್ಯದ ಸೀಮೆಯಲ್ಲಿ ‘ಮನೆಯ ಬಾಗಿಲು’ ಎಂಬುದನ್ನು ‘ಮನೇ ಬಾಗ್ಲು’ ಎನ್ನುತ್ತಾರೆ, ಮಳವಳ್ಳಿಯ ಸಂತೆಯನ್ನು ‘ಮಳವಳ್ಳೀ ಸಂತೆ’ ಎನ್ನುತ್ತಾರೆ. ‘ಯ’ ಕರಗಿಹೋಯಿತು, ಅದು ಇದ್ದ ಜಾಗದಲ್ಲಿ ಸ್ವರ ಉದ್ದವಾಯಿತು. ಷಷ್ಠೀ ವಿಭಕ್ತಿ ಈಗ ಆ ಉದ್ದದಲ್ಲಿ ಮಾತ್ರ ಇದೆ. ಐದನೆಯ ಎಂಬುದು ಐದನೇ ಆದದ್ದು ಇದೇ ನಿಯಮದಿಂದ. ನಿಯಮ ತಪ್ಪದೆ ಆದ ಬದಲಾವಣೆಯನ್ನು ಕೆಡುಕು ಎನ್ನಬಾರದು.

ಕರೆಯೋಲೆಗಳಲ್ಲಿ ಕಾಣುವ ನಿಜವಾದ ತೊಡಕು ಬೇರೆ. ‘ದಿನಾಂಕ 5ನೇರಂದು’ ಎಂದು ಎರಡು ಪ್ರತ್ಯಯಗಳನ್ನು ಒಂದರ ಬೆನ್ನಿಗೆ ಒಂದು ಹೇರುವ ಅಭ್ಯಾಸ ಶುರುವಾಗಿದೆ. 5ನೇ ತಾರೀಖು ಎನ್ನಬೇಕು, ಇಲ್ಲವೇ 5ರಂದು ಎನ್ನಬೇಕು. ಒಂದು ಬಂದರೆ ಇನ್ನೊಂದಕ್ಕೆ ಅಲ್ಲಿ ಕೆಲಸವಿಲ್ಲ.

‘ರಂದು’ ಎಂಬುದನ್ನು ಬಿಡಿಸಿದರೆ ಐದರ + ಅಂದು. ‘ಅಂದು’ ಎಂದರೆ ಆ ದಿನ. ಸೋಮವಾರದಂದು, ಹಬ್ಬದಂದು ಎನ್ನುವಾಗ ಅದೇ ಪದ ಕೇಳುತ್ತದೆ. ಅದು ಹುಟ್ಟಿನಿಂದ ಪ್ರತ್ಯಯವಲ್ಲ, ಸ್ವತಂತ್ರ ಪದ. ಪ್ರತ್ಯಯದ ಕೆಲಸ ಮಾಡುತ್ತ ಮಾಡುತ್ತ ಪ್ರತ್ಯಯದಂತಾಯಿತು. ವಿಜಯನಗರ ಕಾಲದ ಶಾಸನಗಳಲ್ಲಿ ‘ರಂದು’ ಇರಬೇಕಾದ ಕಡೆ ‘ಲು’ ಕಾಣುತ್ತದೆ: ತಿಂಗಳ ಹೆಸರು, ಶುದ್ಧವೋ ಬಹುಳವೋ ಎಂಬುದಕ್ಕೆ ‘ಶು’ ಅಥವಾ ‘ಬ’, ಆಮೇಲೆ ತಿಥಿಯ ಅಂಕಿ, ಅದರ ಮುಂದೆ ‘ಲು’. ಕಲ್ಲುಕುಟಿಗ ಅಂಕಿಗೆ ಪ್ರತ್ಯಯ ಹಚ್ಚುವ ಕೆಲಸವನ್ನು ಆಗಲೇ ಮಾಡುತ್ತಿದ್ದ. ಅಂಕಿಯ ಮುಂದೆ ಅಕ್ಷರ ಬರೆಯುವುದು ಇಂಗ್ಲಿಷ್ ಬಂದ ಮೇಲಿನ ರೂಢಿ ಎಂದು ತಿಳಿದವರು ಈ ಶಾಸನಗಳನ್ನು ನೋಡಬೇಕು.

‘ಅಲ್ಲಿ’ ಪ್ರತ್ಯಯದ ಚರಿತ್ರೆಯೂ ಇಂಥದೇ. ಆತಕೂರಿನ ಕಲ್ಲಿನಲ್ಲಿ ಸಪ್ತಮಿಗೆ ‘ಅಲ್ಲಿ’ ಬದಲು ‘ಒಳ್’ ಇದೆ, ಗುಡ್ಡದಲ್ಲಿ ಎನ್ನಲು ‘ಮೊರಡಿಯೊಳ್’. ‘ಒಳ್’ ಎಂದರೆ ಒಳಗು. ಮುಂದೆ ಅದರ ಜಾಗಕ್ಕೆ ‘ಆ ಜಾಗ’ ಎಂಬ ಅರ್ಥದ ‘ಅಲ್ಲಿ’ ಬಂತು. ಹಂಗೇರಿಯನ್ನಿನ ‘ಬಾನ್/ಬೆನ್’ ಕೂಡ ಒಳಗು, ಕರುಳು ಎಂಬ ಅರ್ಥದ ‘ಬೇಲ್’ ಎಂಬ ಪದದಿಂದ ಬಂದದ್ದು. ಬಿಡಿಪದ ಹೀಗೆ ಪ್ರತ್ಯಯವಾಗುವುದಕ್ಕೆ ಅಲ್ಲಿ ಒಂದು ಲಿಖಿತ ಸಾಕ್ಷಿಯೂ ಇದೆ. 1055ರಲ್ಲಿ ಒಂದನೇ ಆಂಡ್ರಾಶ್ ದೊರೆ ಬಾಲಟಾನ್ ಸರೋವರದ ದಂಡೆಯ ತಿಹಾನಿ ಮಠಕ್ಕೆ ಕೊಟ್ಟ ದಾನಪತ್ರ ಲ್ಯಾಟಿನ್ನಿನಲ್ಲಿದೆ. ಆದರೆ ಗಡಿ ಗುರುತಿಸುವಾಗ ಫೆಹೇರ್ವಾರ್ ಊರಿಗೆ ಹೋಗುವ ದಂಡಿನ ದಾರಿಯನ್ನು ಜನರ ಮಾತಿನಲ್ಲೇ ಬರೆದಿದ್ದಾರೆ. ಇಂದು ‘ರಾ/ರೆ’ ಎಂದು ಪದಕ್ಕೆ ಅಂಟಿಕೊಂಡಿರುವ ಪ್ರತ್ಯಯ ಆ ಪತ್ರದಲ್ಲಿ ‘ರೆಯಾ’ ಎಂಬ ಬಿಡಿಪದ. ಹಂಗೇರಿಯನ್ ಮಾತು ಬರಹದಲ್ಲಿ ಕಾಣಿಸಿಕೊಂಡ ಮೊದಲ ದಾಖಲೆಗಳಲ್ಲಿ ಅದು ಒಂದು. ಅದಕ್ಕಿಂತ ನೂರು ವರ್ಷ ಮೊದಲೇ ಆತಕೂರಿನ ಕಲ್ಲು ನಿಂತಿತ್ತು. ಎರಡು ಕಡೆಯೂ ದಾನ ಬರೆದವರು ಹೊಲ, ಗುಡ್ಡ, ದಾರಿಗಳ ಮಾತು ಬಂದಾಗ ಜನರ ಪ್ರತ್ಯಯಗಳನ್ನು ಬಿಟ್ಟಿಲ್ಲ.

ಆತಕೂರಿನ ಕಲ್ಲು ಇನ್ನೊಂದು ಪದವನ್ನು ಉಳಿಸಿದೆ, ‘ದೆಸೆ’. ಬೆಳತೂರಿನ ಪಡುವಣ ದೆಸೆ, ಅಂದರೆ ಪಶ್ಚಿಮ ದಿಕ್ಕು. ಈ ‘ದೆಸೆ’ ಶಾಲೆಯ ವ್ಯಾಕರಣದಲ್ಲಿ ಪಂಚಮೀ ವಿಭಕ್ತಿಯ ವೇಷ ಹಾಕಿ ಬರುತ್ತದೆ. ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಮಕ್ಕಳು ಉರು ಹೊಡೆಯುತ್ತಾರೆ. ಹೊಳಲಿನ ಯಾವ ತೋಟದಲ್ಲೂ ಹಣ್ಣು ಹಾಗೆ ಬೀಳುವುದಿಲ್ಲ, ಮರದಿಂದ ಬೀಳುತ್ತದೆ. ಕತ್ತಿಯಿಂದ ಕಡಿದರೂ ‘ಇಂದ’, ಮಂಡ್ಯದಿಂದ ಬಂದರೂ ‘ಇಂದ’, 5ರಿಂದ 10ರವರೆಗೆ ಜಾತ್ರೆ ನಡೆದರೂ ‘ಇಂದ’. ಒಂದೇ ಪ್ರತ್ಯಯ ಎರಡು ಕೆಲಸ ಮಾಡುತ್ತಿರುವಾಗ ಎರಡನೆಯ ಕೆಲಸಕ್ಕೆ ಬೇರೊಂದು ಪ್ರತ್ಯಯವನ್ನು ಯಾಕೆ ಹುಡುಕಬೇಕಾಯಿತು? ಸಂಸ್ಕೃತದಲ್ಲಿ ಏಳು ವಿಭಕ್ತಿಗಳಿವೆ, ಕನ್ನಡದಲ್ಲೂ ಏಳು ತುಂಬಬೇಕಿತ್ತು. 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಐದನೆಯ ಮನೆಗೆ ‘ಅತ್ತಣಿಂ’ ಎಂದು ಕೊಟ್ಟ. ಅದನ್ನು ಬಿಡಿಸಿದರೂ ‘ಅತ್ತ’ ಎಂಬ ದಿಕ್ಕಿನ ಪದದ ಮೇಲೆ ಅದೇ ‘ಇಂ’. ಕೇಶಿರಾಜ ದೊಡ್ಡವನು, ತನ್ನ ಕಾಲದ ಕನ್ನಡದ ಧ್ವನಿಗಳನ್ನು ಅವನಷ್ಟು ನಿಕಟವಾಗಿ ಕೇಳಿಸಿಕೊಂಡವರು ಕಡಿಮೆ. ಆದರೆ ಈ ಚೌಕಟ್ಟನ್ನು ಅವನೂ ಬಿಡಲಿಲ್ಲ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರಿನಲ್ಲೇ ಇದಕ್ಕೆ ಉತ್ತರ ಕೊಟ್ಟರು. ಅವರ ಎಲ್ಲ ವಾದಗಳನ್ನು ಒಪ್ಪದವರೂ ಪಂಚಮಿಯ ವಿಷಯದಲ್ಲಿ ಅವರ ಕಡೆಗೇ ನಿಲ್ಲಬೇಕಾಗುತ್ತದೆ.

ಐರಿಷ್ ಭಾಷೆಯ ದಾರಿ ಪೂರಾ ಬೇರೆ, ಅದಕ್ಕೇ ಅದು ಇಲ್ಲಿ ಬೇಕು. ಹಲ್ಮಿಡಿಯ ಕನ್ನಡ ಶಾಸನದ ಕಲ್ಲನ್ನು ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ‘ಅರಸಂಗೆ’ ಎಂಬ ಚತುರ್ಥಿ ಆಗಲೇ ಅದರಲ್ಲಿದೆ, ‘ಗೆ’ ಇಂದಿಗೂ ಹಾಗೇ ಉಳಿದಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಐರ್ಲೆಂಡಿನಲ್ಲಿ ಓಗಮ್ ಎಂಬ ಗೆರೆಲಿಪಿಯಲ್ಲಿ ಕಲ್ಲುಗಳನ್ನು ಕೆತ್ತುತ್ತಿದ್ದರು. ಅವುಗಳ ಮೇಲೆ ಇರುವುದು ಬಹುಪಾಲು ಷಷ್ಠೀ ವಿಭಕ್ತಿಯ ಹೆಸರುಗಳೇ: ಇಂಥವನ ಮಗನಾದ ಇಂಥವನ ಕಲ್ಲು. ‘ಮಗನ’ ಎಂಬುದಕ್ಕೆ ಅಲ್ಲಿ ‘ಮಕ್ವಿ’. ಮುಂದಿನ ಶತಮಾನಗಳಲ್ಲಿ ಇಂಥ ಕೊನೆಯ ಅಕ್ಷರಗಳು ಐರಿಷ್ ಬಾಯಿಂದ ಉದುರಿಹೋದವು. ಹೋಗುವಾಗ ಪದದೊಳಗೆ ಗುರುತು ಬಿಟ್ಟವು: ಇಂದು ಮಗ ‘ಮಾಕ್’, ಮಗನ ಎಂದರೆ ‘ಮಿಕ್’. ಪ್ರತ್ಯಯ ಇಲ್ಲ, ಒಳಗಿನ ಸ್ವರವೇ ತಿರುಗಿದೆ. ‘ಮನೇ ಬಾಗ್ಲು’ ಎನ್ನುವಾಗ ‘ಯ’ ಹೋಗಿ ಉದ್ದ ಉಳಿದದ್ದು ನೆನಪಿರಲಿ. ಎರಡೂ ಒಂದೇ ಜಾತಿಯ ಘಟನೆ.

ಪದದ ತಲೆಯನ್ನೂ ಐರಿಷ್ ಬದಲಿಸುತ್ತದೆ. ಕಾರ್ಕ್ ನಗರವನ್ನು ಅವರು ‘ಕೋರ್ಕಿ’ ಎನ್ನುತ್ತಾರೆ, ಕಾರ್ಕ್‌ನಲ್ಲಿ ಎನ್ನಲು ‘ಇ ಗೋರ್ಕಿ’. ‘ತ್ರಾ ಲೀ’ ಎಂಬ ಊರಿನಲ್ಲಿ ಎಂದರೆ ‘ಇ ದ್ರಾ ಲೀ’. ‘ಪೋರ್ತ್’ ಎಂದು ಶುರುವಾಗುವ ಊರು ‘ಬೋರ್ತ್’ ಆಗುತ್ತದೆ. ಕ, ತ, ಪ ಹೋಗಿ ಗ, ದ, ಬ. ಕನ್ನಡದ ಶಾಲೆಯಲ್ಲಿ ಕಲಿತವರಿಗೆ ಈ ಮೂರು ಜೋಡಿ ಬಾಯಿಪಾಠ, ಆದೇಶ ಸಂಧಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಹೂ ಮತ್ತು ಪುಟ್ಟಿ ಸೇರಿ ಹೂಬುಟ್ಟಿ. ಕಾರಣ ಒಂದೇ ಅಲ್ಲ. ಐರಿಷ್‌ನಲ್ಲಿ ಹಿಂದಿನ ಪದದ ಕೊನೆಗೆ ಒಂದಾನೊಂದು ಕಾಲದಲ್ಲಿ ಇದ್ದ ಅನುನಾಸಿಕ ಈ ಕೆಲಸ ಮಾಡಿತು. ಕನ್ನಡದಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ವ್ಯಂಜನ ಮೆತ್ತಗಾಯಿತು. ಆದರೂ ಬಾಯಿ ಹಿಡಿದ ದಾರಿ ಎರಡು ಕಡೆಯೂ ಒಂದೇ. ಇನ್ನು ತಾರೀಖು. ಐರಿಷ್‌ನಲ್ಲಿ ‘ಐದನೆಯ’ ಎನ್ನಲು 5ರ ಮುಂದೆ ಒಂದು ‘ಊ’ ಹಚ್ಚಿ ‘ಕೂಗ್ಯೂ’ ಎಂದು ಓದುತ್ತಾರೆ. ಕನ್ನಡದ ‘ನೇ’ಯ ಹಾಗೆ ಅದೂ ಅಂಕಿಗೆ ಅಂಟಿಯೇ ಇರುತ್ತದೆ, ನಡುವೆ ಜಾಗ ಬಿಡುವುದಿಲ್ಲ.

ಇಷ್ಟು ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಹೂಡುವ ಆಸೆ ಹುಟ್ಟುತ್ತದೆ. ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಹಂಗೇರಿಯನ್, ಫಿನ್ನಿಷ್‌ಗಳಿರುವ ‘ಸಿಥಿಯನ್’ ಗುಂಪಿಗೆ ದ್ರಾವಿಡವನ್ನು ಸೇರಿಸಲು ನೋಡಿದರು. ಅವರಿಗೂ ಮುಂಚೆ ಅಲೆಕ್ಸಾಂಡರ್ ಚೋಮ ಎಂಬ ಹಂಗೇರಿಯ ವಿದ್ವಾಂಸ ತನ್ನ ಜನದ ಮೂಲ ಹುಡುಕುತ್ತ ಏಷ್ಯಾಕ್ಕೆ ಬಂದು, ಟಿಬೆಟನ್ ನಿಘಂಟು ಬರೆದು, 1842ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡ. ಆ ನೆಂಟಸ್ತನ ನಿಲ್ಲಲಿಲ್ಲ. ಹಂಗೇರಿಯನ್ ಉರಾಲಿಕ್ ಕುಟುಂಬದ್ದು, ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ್ದು, ಕನ್ನಡ ದ್ರಾವಿಡ. ಪದದ ಬೆನ್ನಿಗೆ ಪ್ರತ್ಯಯಗಳನ್ನು ಸಾಲಾಗಿ ಪೋಣಿಸುವುದು ಭಾಷೆ ನಡೆಯುವ ಒಂದು ರೀತಿ, ರಕ್ತಸಂಬಂಧದ ಗುರುತಲ್ಲ. ಡಬ್ಲಿನ್ ಬಳಿ ಹುಟ್ಟಿದ ಜಾರ್ಜ್ ಗ್ರಿಯರ್ಸನ್ 1903ರಿಂದ 1928ರವರೆಗೆ ಭಾರತೀಯ ಭಾಷಾ ಸಮೀಕ್ಷೆಯ ಸಂಪುಟಗಳನ್ನು ಹೊರಡಿಸಿದರು. ಮದ್ರಾಸ್ ಪ್ರಾಂತ, ಹೈದರಾಬಾದ್, ಮೈಸೂರು ಸಂಸ್ಥಾನಗಳು ಆ ಸಮೀಕ್ಷೆಯ ಹೊರಗೆ ಉಳಿದವು. ಹೀಗಾಗಿ ಮಂಡ್ಯದ ಮಾತು ಆ ದೊಡ್ಡ ಪುಸ್ತಕದಲ್ಲಿ ಸೇರಲೇ ಇಲ್ಲ. ಮುಂದೆ 1968ರಲ್ಲಿ ಯು.ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಆಡುಮಾತಿನ ವಿವರಣೆಯನ್ನು ಪ್ರಕಟಿಸಿದರು. ಮೈಸೂರು ಸೀಮೆಯ ಹಳ್ಳಿಯವರ ಪ್ರತ್ಯಯಗಳು ಶಾಸ್ತ್ರದ ಪುಸ್ತಕಕ್ಕೆ ಹೋದ ಒಳ್ಳೆಯ ಉದಾಹರಣೆ ಅದು.

ಈಗಿನ ಕಷ್ಟ ಯಂತ್ರದ ಕಡೆಯಿಂದ ಬಂದಿದೆ. ಫೋನಿಗೆ ಬರುವ ಸಂದೇಶಗಳನ್ನು ಸಿದ್ಧಪಡಿಸುವವರು ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ಗೆ’ ಎಂದೋ ‘ನಲ್ಲಿ’ ಎಂದೋ ಮೊದಲೇ ಬರೆದಿಡುತ್ತಾರೆ. ಖಾಲಿ ಜಾಗಕ್ಕೆ ಮಳವಳ್ಳಿ ಬಂದರೆ ‘ಗೆ’ ಹೊಂದಿಕೊಳ್ಳುತ್ತದೆ. ಮಂಡ್ಯ ಬಂದರೆ ‘ಮಂಡ್ಯ ಗೆ’, ‘ಮಂಡ್ಯ ನಲ್ಲಿ’ ಎಂದು ಹೊರಬೀಳುತ್ತದೆ. ಹೊಳಲಿನ ಮಗು ಆಡದ ತಪ್ಪನ್ನು ಯಂತ್ರ ಆಡುತ್ತದೆ, ದಿನಕ್ಕೆ ಎಷ್ಟೋ ಸಲ ಕಣ್ಣಿಗೆ ಬಿದ್ದು ಬಿದ್ದು ಅದು ಅಭ್ಯಾಸವಾಗುತ್ತ ಹೋಗುತ್ತದೆ. ‘ಅವರ’ ಎನ್ನಬೇಕಾದಲ್ಲಿ ‘ರವರ’ ಎಂದು ಹೆಸರಿನ ಮುಂದೆ ಬಿಡಿಯಾಗಿ ಬರೆಯುವ ಕಚೇರಿಯ ರೂಢಿಯೂ ಖಾಲಿ ಜಾಗ ತುಂಬುವ ಇದೇ ಆತುರದಿಂದ ಬೆಳೆದದ್ದು. ಇದನ್ನು ಸರಿಪಡಿಸುವುದು ಕಷ್ಟವಲ್ಲ. ಪದದ ಕೊನೆಯ ಸ್ವರ ಯಾವುದು, ಅದು ಮನುಷ್ಯರ ಹೆಸರೋ, ಸಂಖ್ಯೆಯೋ ಎಂದು ಕೇಳುವ ಒಂದು ಸಣ್ಣ ಪಟ್ಟಿ ಸಾಕು. ಹಂಗೇರಿಯನ್ನಿಗೆ ತಂತ್ರಾಂಶ ಬರೆಯುವವರು ‘ಬಾನ್/ಬೆನ್’ ಆರಿಸುವ ಕೆಲಸವನ್ನು ಮಾಡಲೇಬೇಕು. ಕನ್ನಡಕ್ಕೆ ಬರೆಯುವವರಿಂದಲೂ ಅಷ್ಟನ್ನು ಕೇಳುವ ಹಕ್ಕು ಓದುಗರಿಗಿದೆ.

ಉಳಿದ ಕೆಲಸ ಊರಿನದೇ. ತರಗತಿಯ ಹಲಗೆಯ ಮೇಲೆ ದಿನವೂ ತಾರೀಖು ಬರೆಯುವ ಮೇಷ್ಟರು ಅದನ್ನು ಮಕ್ಕಳಿಂದ ಪೂರಾ ಓದಿಸಲಿ: ಐದರಂದು, ಐದರಿಂದ, ಐದಕ್ಕೆ, ಐದನೇ. ವಿಭಕ್ತಿಯ ಪಾಠ ಅಲ್ಲಿಂದಲೇ ಶುರುವಾಗಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಮುದ್ರಣಾಲಯದವರು ಕರೆಯೋಲೆ ಅಚ್ಚು ಮಾಡುವಾಗ ಅಂಕಿಗೂ ಪ್ರತ್ಯಯಕ್ಕೂ ನಡುವೆ ಜಾಗ ಬಿಡದಿರಲಿ. ಕಾಲೇಜಿನ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಫೋನನ್ನು ತಂದು, ಹೊಳಲಿನ ಎಪ್ಪತ್ತು ದಾಟಿದ ಅಜ್ಜಿ ತಾತಂದಿರು ಊರು, ವಾರ, ತಿಂಗಳು, ತಿಥಿಗಳ ಹೆಸರಿಗೆ ಏನೇನು ಹಚ್ಚಿ ಮಾತಾಡುತ್ತಾರೋ ಅದನ್ನು ಅವರ ದನಿಯಲ್ಲೇ ದಾಖಲಿಸಿಕೊಳ್ಳಲಿ. ಈ ಕೆಲಸ ಈ ವರ್ಷವೇ ಆಗಬೇಕು.